ಹೊರದೇಶದಲ್ಲಿ ಓದಿದ ಫಾರ್ಮಸಿಸ್ಟ್‌ಗೆ ಹೊಸ ದೇಶದ ಲೈಸೆನ್ಸ್: ಪದೇ ಪದೇ ಕೇಳುವ ಪ್ರಶ್ನೆಗಳು

ಒಂದು ದೇಶದಲ್ಲಿ ಫಾರ್ಮಸಿ ಓದಿ ಇನ್ನೊಂದು ದೇಶದಲ್ಲಿ ಕೆಲಸ ಮಾಡಹೊರಟವರು ಕೇಳುವ ಪ್ರಶ್ನೆಗಳು ಇಲ್ಲಿವೆ. ಹೆಚ್ಚಾಗಿ ಅಮೆರಿಕ, ಕೆನಡಾ, ಬ್ರಿಟನ್, ಆಸ್ಟ್ರೇಲಿಯಾ ಕುರಿತು ಕೇಳುತ್ತಾರೆ, ಹಾಗಾಗಿ ಉತ್ತರಗಳೂ ಅವುಗಳ ಸುತ್ತಲೇ ಇವೆ. ಶುಲ್ಕ ಮತ್ತು ದಿನಾಂಕಗಳು ವರ್ಷ ವರ್ಷ ಬದಲಾಗುತ್ತವೆ. ಅರ್ಜಿ ಹಾಕುವ ದಿನ ಆಯಾ ಮಂಡಳಿಯ ಕೈಪಿಡಿಯನ್ನೇ ನೋಡಿ.

## ಶುರುವಿನ ಪ್ರಶ್ನೆಗಳು

ಹತ್ತು ವರ್ಷ ಅನುಭವ ಇದೆ, ರಿಜಿಸ್ಟ್ರೇಷನ್ನೂ ಇದೆ. ಮತ್ತೆ ಯಾಕೆ ಪರೀಕ್ಷೆ ಬರೀಬೇಕು?

ಲೈಸೆನ್ಸ್ ಕೊಡುವುದು ಆಯಾ ನೆಲದ ಕಾನೂನು, ಅದು ಗಡಿ ದಾಟುವುದಿಲ್ಲ. ಅಮೆರಿಕದಲ್ಲಿ ಪ್ರತಿ ರಾಜ್ಯಕ್ಕೂ ಅದರದೇ ಬೋರ್ಡ್ ಇದೆ, ಕೆನಡಾದಲ್ಲಿ ಪ್ರತಿ ಪ್ರಾಂತ್ಯಕ್ಕೂ ಅದರದೇ ಸಂಸ್ಥೆ ಇದೆ. ಕಾನೂನನ್ನು ಬದಿಗಿಟ್ಟರೂ ಕೆಲಸವೇ ಬೇರೆ. ಒಂಟಾರಿಯೊದಲ್ಲಿ 2023ರ ಜನವರಿಯಿಂದ ಫಾರ್ಮಸಿಸ್ಟ್‌ಗಳೇ ಕೆಲವು ಸಣ್ಣ ಕಾಯಿಲೆಗಳಿಗೆ ಔಷಧ ಬರೆದುಕೊಡುತ್ತಾರೆ. ಲಸಿಕೆ ಹಾಕುವುದು, ವೈದ್ಯರಿಗೆ ಫೋನ್ ಮಾಡಿ ‘ಈ ಡೋಸ್ ಕೊಡಲಾರೆ’ ಎನ್ನುವುದು ದಿನನಿತ್ಯದ ಕೆಲಸ. ಚೀಟಿ ನೋಡಿ ಮಾತ್ರೆ ಎಣಿಸಿ ಕೊಟ್ಟ ಅನುಭವ ಹತ್ತು ವರ್ಷದ್ದಾದರೂ ಮಂಡಳಿಗೆ ಅದು ಈ ಕೆಲಸದ ಪುರಾವೆಯಾಗಿ ಕಾಣುವುದಿಲ್ಲ. ಅನುಭವ ನಿಮಗೆ ಉಪಯೋಗಕ್ಕೆ ಬರುತ್ತದೆ, ಆದರೆ ಸಾಮಾನ್ಯವಾಗಿ ಪರೀಕ್ಷೆಯಿಂದ ವಿನಾಯಿತಿ ಕೊಡಿಸುವುದಿಲ್ಲ.

ಯಾವ ದೇಶ ಸುಲಭ ಅಂತ ನೇರವಾಗಿ ಹೇಳಿ.

ನಿಮ್ಮ ಪದವಿ ಎಷ್ಟು ವರ್ಷದ್ದು, ಇಂಗ್ಲಿಷ್ ಮಾತಾಡುವಿಕೆಯಲ್ಲಿ ಎಷ್ಟು ಅಂಕ ಬರುತ್ತದೆ, ಸಂಪಾದನೆಯಿಲ್ಲದೆ ಎಷ್ಟು ತಿಂಗಳು ತಳ್ಳಬಲ್ಲಿರಿ ಎಂಬುದು ಗೊತ್ತಾಗದೆ ಹೇಳಲು ಬರುವುದಿಲ್ಲ. ಪದವಿಯ ಅವಧಿ ಸಾಲದಿದ್ದರೆ ಅಮೆರಿಕದ ಬಾಗಿಲು ಅಲ್ಲೇ ಮುಚ್ಚಬಹುದು. ಬ್ರಿಟನ್ ನಾಲ್ಕು ವರ್ಷದ ಪದವಿಯನ್ನು ಪರಿಗಣಿಸುತ್ತದೆ, ಆದರೆ ಒಂದು ವರ್ಷ ವಿಶ್ವವಿದ್ಯಾಲಯಕ್ಕೆ ಪೂರ್ತಿ ಶುಲ್ಕ ಕಟ್ಟಿ ಕೂರಬೇಕು, ಆಮೇಲೆ 52 ವಾರ ತರಬೇತಿ. ಕೆನಡಾದಲ್ಲಿ ಪರೀಕ್ಷೆಗಳು ಹೆಚ್ಚು, ಆದರೆ ಕೆಲಸ ಮಾಡುತ್ತಲೇ ಒಂದೊಂದಾಗಿ ಮುಗಿಸಬಹುದು. ಆಸ್ಟ್ರೇಲಿಯಾದಲ್ಲಿ ಮೊದಲ ಪರೀಕ್ಷೆ ಒಂದೇ, ನಿಜವಾದ ಕಷ್ಟ ಇಂಟರ್ನ್‌ಶಿಪ್ ಜಾಗ ಹುಡುಕುವುದು. ಗೆಳೆಯರು ಹೋದ ದೇಶ ಎಂಬ ಕಾರಣಕ್ಕೆ ಆರಿಸಿಕೊಂಡು ಎರಡನೇ ವರ್ಷದಲ್ಲಿ ದಾರಿ ಬದಲಿಸುವವರೇ ಹೆಚ್ಚು ಹಣ ಕಳೆದುಕೊಳ್ಳುವುದು.

ನನ್ನದು ನಾಲ್ಕು ವರ್ಷದ ಬಿ.ಫಾರ್ಮ್. ಅಮೆರಿಕಕ್ಕೆ ಆಗಲ್ಲ ಅಂತಾರೆ, ನಿಜವಾ? ಎಂ.ಫಾರ್ಮ್ ಸೇರಿಸಿದರೆ ಆರು ವರ್ಷ ಆಗುತ್ತಲ್ಲ?

ಮೊದಲ ಮಾತು ನಿಜ. ವಿದೇಶಿ ಪದವೀಧರರ ಅರ್ಹತೆ ನೋಡುವ ಎನ್‌ಎಬಿಪಿ ನಿಯಮದಂತೆ 2003ರ ಜನವರಿ 1ಕ್ಕೆ ಮೊದಲು ಪದವಿ ಪಡೆದವರಿಗೆ ನಾಲ್ಕು ವರ್ಷದ ಕೋರ್ಸ್ ಸಾಕು, ಆ ದಿನದಿಂದ ಈಚೆಗೆ ಪಡೆದವರಿಗೆ ಕನಿಷ್ಠ ಐದು ವರ್ಷದ ಕೋರ್ಸ್ ಬೇಕು. ವರ್ಷಗಳನ್ನು ಕೂಡಿಸುವ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಅವರು ನೋಡುವುದು ಫಾರ್ಮಸಿಸ್ಟ್ ಆಗಲು ಓದಿದ ಮೊದಲ ವೃತ್ತಿಪರ ಪದವಿಯ ಅವಧಿಯನ್ನು. ಫಾರ್ಮಾಸ್ಯೂಟಿಕ್ಸ್ ಅಥವಾ ಫಾರ್ಮಕಾಲಜಿಯ ಸ್ನಾತಕೋತ್ತರ ಪದವಿ ಸಂಶೋಧನೆಯದು, ಅದು ಈ ಕೊರತೆ ತುಂಬುತ್ತದೆ ಎಂದು ನಂಬಿ ಹಣ ಕಟ್ಟಬೇಡಿ. ಆರು ವರ್ಷದ ಫಾರ್ಮ್.ಡಿ. ಇದ್ದವರಿಗೆ ಅವಧಿಯ ತೊಡಕಿಲ್ಲ. ಉಳಿದವರಿಗೆ ಅಮೆರಿಕದಲ್ಲೇ ಮಾನ್ಯತೆ ಪಡೆದ ಫಾರ್ಮ್.ಡಿ. ಓದುವ ದಾರಿ ಇದೆ, ಅದಕ್ಕೆ ವರ್ಷಗಳೂ ಹಣವೂ ಬೇಕು.

ಡಿ.ಫಾರ್ಮ್ ಮಾತ್ರ ಇದೆ. ಏನಾದರೂ ದಾರಿ ಇದೆಯಾ?

ಈ ದೇಶಗಳಲ್ಲಿ ಎರಡು ವರ್ಷದ ಡಿಪ್ಲೊಮಾದಿಂದ ನೇರವಾಗಿ ಫಾರ್ಮಸಿಸ್ಟ್ ಆಗಲು ಬರುವುದಿಲ್ಲ. ಫಾರ್ಮಸಿ ಟೆಕ್ನಿಷಿಯನ್ ಹುದ್ದೆ ನೋಡಿ. ಬ್ರಿಟನ್‌ನಲ್ಲಿ ಅದಕ್ಕೆ ಪ್ರತ್ಯೇಕ ನೋಂದಣಿ ಇದೆ. ಕೆನಡಾದಲ್ಲಿ ಫಾರ್ಮಸಿ ಪರೀಕ್ಷಾ ಮಂಡಳಿಯಾದ ಪಿಇಬಿಸಿ ಟೆಕ್ನಿಷಿಯನ್‌ಗಳಿಗೆ ಬೇರೆ ಅರ್ಹತಾ ಪರೀಕ್ಷೆ ನಡೆಸುತ್ತದೆ. ಅಮೆರಿಕದಲ್ಲಿ ರಾಜ್ಯವಾರು ನಿಯಮ.

## ಕಾಗದಪತ್ರ

ಯಾವ ದಾಖಲೆ ಮೊದಲು ತರಿಸಬೇಕು?

ನಿಧಾನವಾಗಿ ಬರುವುದನ್ನು ಮೊದಲು, ಬೇಗ ಹಳತಾಗುವುದನ್ನು ಕೊನೆಗೆ. ಟ್ರಾನ್ಸ್‌ಕ್ರಿಪ್ಟ್ ನಿಧಾನದ್ದು. ವಿಶ್ವವಿದ್ಯಾಲಯ ತಾನೇ ಮೊಹರು ಹಾಕಿದ ಲಕೋಟೆಯಲ್ಲಿ ಅಥವಾ ತನ್ನ ಅಧಿಕೃತ ವಿದ್ಯುನ್ಮಾನ ವ್ಯವಸ್ಥೆಯಿಂದ ನೇರವಾಗಿ ಮಂಡಳಿಗೆ ಕಳಿಸಬೇಕು. ನಿಮ್ಮ ಕೈಗೆ ಬಂದ ಲಕೋಟೆಯನ್ನು ‘ಒಳಗೆ ಸರಿ ಇದೆಯಾ ನೋಡೋಣ’ ಎಂದು ಬಿಚ್ಚಿದರೆ ಅದು ಅಲ್ಲಿಗೆ ಮುಗಿಯಿತು, ಮತ್ತೆ ಅರ್ಜಿ, ಮತ್ತೆ ಶುಲ್ಕ. ರಿಜಿಸ್ಟ್ರೇಷನ್ ಕೌನ್ಸಿಲ್ ಕೊಡುವ ಗುಡ್ ಸ್ಟ್ಯಾಂಡಿಂಗ್ ಪತ್ರ (ನೋಂದಣಿ ಚಾಲ್ತಿಯಲ್ಲಿದೆ, ಶಿಸ್ತುಕ್ರಮವಿಲ್ಲ ಎಂಬ ಪತ್ರ) ಕೆಲವೇ ತಿಂಗಳಲ್ಲಿ ಹಳತಾಗುತ್ತದೆ. ಅದನ್ನು ಮೊದಲೇ ತೆಗೆದಿಟ್ಟವರು ಎರಡನೇ ಸಲ ತೆಗೆಯಬೇಕಾಗುತ್ತದೆ.

ಇವುಗಳ ಜೊತೆ ಪದವಿ ಪ್ರಮಾಣಪತ್ರ, ಪ್ರತಿ ವರ್ಷದ ಅಂಕಪಟ್ಟಿ, ರಿಜಿಸ್ಟ್ರೇಷನ್ ಪತ್ರ, ನೋಟರಿ ದೃಢೀಕರಿಸಿದ ಗುರುತಿನ ಪ್ರತಿ ಇಟ್ಟುಕೊಂಡಿರಿ. ಹಲವರು ಮರೆಯುವುದು ಪಠ್ಯಕ್ರಮವನ್ನು: ಪ್ರತಿ ವಿಷಯಕ್ಕೆ ಎಷ್ಟು ಗಂಟೆ ಪಾಠ, ಎಷ್ಟು ಗಂಟೆ ಪ್ರಯೋಗ ಎಂಬ ವಿವರ. ನೀವು ಓದಿದ ವರ್ಷದ ಪಠ್ಯಕ್ರಮವೇ ಬೇಕು, ಈಗ ಚಾಲ್ತಿಯಲ್ಲಿರುವುದಲ್ಲ. ಕಾಲೇಜು ಮುಚ್ಚಿದ್ದರೆ ವಿಶ್ವವಿದ್ಯಾಲಯದ ಪರೀಕ್ಷಾ ವಿಭಾಗವನ್ನು ಕೇಳಿ.

ಕೆನಡಾಕ್ಕೆ ಹೋಗುವವರು ಮೊದಲು ಫಾರ್ಮಸಿ ನಿಯಂತ್ರಣ ಸಂಸ್ಥೆಗಳ ರಾಷ್ಟ್ರೀಯ ಒಕ್ಕೂಟವಾದ ನಾಪ್ರಾದ ಗೇಟ್‌ವೇನಲ್ಲಿ ಹೆಸರು ಬರೆಸಿ ರಾಷ್ಟ್ರೀಯ ಗುರುತಿನ ಸಂಖ್ಯೆ ಪಡೆಯಬೇಕು. ಪಿಇಬಿಸಿಯ ದಾಖಲೆ ಪರಿಶೀಲನೆ ಆಮೇಲೆ. ಕೊಲ್ಲಿ ದೇಶಗಳಲ್ಲಿ ಹೆಚ್ಚಾಗಿ ಡೇಟಾಫ್ಲೋ ಎಂಬ ಸಂಸ್ಥೆಯ ಮೂಲಕ ಮೂಲ ಪರಿಶೀಲನೆ ನಡೆಯುತ್ತದೆ. ಅವರು ನಿಮ್ಮ ಹಳೆಯ ಮಾಲೀಕರಿಗೇ ಬರೆದು ಕೇಳುತ್ತಾರೆ, ಹಾಗಾಗಿ ಅನುಭವ ಪತ್ರದಲ್ಲಿರುವ ಫೋನ್, ಇಮೇಲ್ ಈಗಲೂ ಬದುಕಿವೆಯೇ ಎಂದು ಮೊದಲೇ ನೋಡಿಕೊಳ್ಳಿ.

ಪಾಸ್‌ಪೋರ್ಟ್‌ನಲ್ಲಿ ಇನಿಷಿಯಲ್ ಬಿಡಿಸಿ ಬರೆದಿದ್ದಾರೆ, ಅಂಕಪಟ್ಟಿಯಲ್ಲಿ ಬರೀ ಅಕ್ಷರ ಇದೆ. ತೊಂದರೆ ಆಗುತ್ತಾ?

ಆಗುತ್ತದೆ, ಅದೂ ಪರೀಕ್ಷೆಯ ದಿನ ಬಾಗಿಲಲ್ಲಿ. ಅರ್ಜಿಯಲ್ಲಿರುವ ಹೆಸರೂ ಗುರುತಿನ ಚೀಟಿಯ ಹೆಸರೂ ಹೊಂದದಿದ್ದರೆ ಒಳಗೆ ಬಿಡದಿರಬಹುದು, ಶುಲ್ಕವೂ ಹೋಗಬಹುದು. ಎಲ್ಲ ಅರ್ಜಿಯಲ್ಲೂ ಪಾಸ್‌ಪೋರ್ಟ್‌ನಲ್ಲಿ ಇದ್ದಂತೆಯೇ ಬರೆಯಿರಿ. ಎರಡೂ ಹೆಸರು ಒಬ್ಬರದೇ ಎಂದು ಅಫಿಡವಿಟ್ ಮಾಡಿಸಿ ದಾಖಲೆಗಳ ಜೊತೆಯೇ ಕಳಿಸಿ, ಅವರು ಕೇಳಲಿ ಎಂದು ಕಾಯಬೇಡಿ. ಮದುವೆಯ ನಂತರ ಹೆಸರು ಬದಲಾಗಿದ್ದರೆ ವಿವಾಹ ಪ್ರಮಾಣಪತ್ರ ಸೇರಿಸಿ. ಭಾಷಾ ಪರೀಕ್ಷೆಯ ಫಲಿತಾಂಶದಲ್ಲೂ ಇದೇ ಹೆಸರಿರಬೇಕು.

ಪಿಆರ್ (ಕಾಯಂ ವಾಸದ ಅನುಮತಿ) ಸಿಕ್ಕರೆ ಲೈಸೆನ್ಸ್ ಅರ್ಧ ಆದ ಹಾಗೆ ಅಲ್ವಾ?

ಎರಡಕ್ಕೂ ಸಂಬಂಧ ಕಡಿಮೆ. ದೇಶದೊಳಗೆ ಬಿಡುವವರು ಬೇರೆ, ಔಷಧ ಅಂಗಡಿಯ ಕೌಂಟರ್‌ನಲ್ಲಿ ನಿಲ್ಲಲು ಬಿಡುವವರು ಬೇರೆ. ಒಂದು ಕಡೆ ಮಾತ್ರ ಇವೆರಡೂ ಕೂಡುತ್ತವೆ: ಕೆನಡಾದ ವಲಸೆಗೆ ಫಾರ್ಮಸಿಸ್ಟ್ ಉದ್ಯೋಗದ ಹೆಸರಿನಲ್ಲಿ, ಅಂದರೆ 31120 ಸಂಕೇತದಡಿ, ಅರ್ಜಿ ಹಾಕಿ ಲೈಸೆನ್ಸ್ ಬೇಕಾದ ಕೆಲಸ ಮಾಡುವವರು ಪದವಿಯ ಮೌಲ್ಯಮಾಪನವನ್ನು ಪಿಇಬಿಸಿಯಿಂದಲೇ ಮಾಡಿಸಬೇಕು. ಬೇರೆ ಸಂಸ್ಥೆಯ ವರದಿ ಬೇಗ ಬರುತ್ತದೆಂದು ಮಾಡಿಸಿದವರು ಎರಡು ಸಲ ಹಣ ಕೊಟ್ಟಿದ್ದಾರೆ.

## ಭಾಷೆ

ಓದಿದ್ದೆಲ್ಲ ಇಂಗ್ಲಿಷ್ ಮೀಡಿಯಂ. ಆದರೂ ಭಾಷಾ ಪರೀಕ್ಷೆ ಬೇಕಾ?

ಬಹುತೇಕ ಬೇಕು. ಅಮೆರಿಕದಲ್ಲಿ ವಿದೇಶಿ ಫಾರ್ಮಸಿ ಪದವೀಧರರಿಗೆ ಕೊಡುವ ಎಫ್‌ಪಿಜಿಇಸಿ ಪ್ರಮಾಣಪತ್ರಕ್ಕೆ ಟೋಫೆಲ್ ಐಬಿಟಿ ಎಂಬ ಇಂಗ್ಲಿಷ್ ಪರೀಕ್ಷೆಯ 0–30 ಅಳತೆಯಲ್ಲಿ ಓದು 22, ಆಲಿಸುವಿಕೆ 21, ಮಾತು 26, ಬರಹ 24, ಎಲ್ಲವೂ ಒಂದೇ ಸಿಟ್ಟಿಂಗ್‌ನಲ್ಲಿ ಬರಬೇಕು. ಬ್ರಿಟನ್‌ನ ಫಾರ್ಮಸಿ ನಿಯಂತ್ರಣ ಮಂಡಳಿ ಜಿಪಿಎಚ್‌ಸಿ ಐಇಎಲ್‌ಟಿಎಸ್ ಅಕಾಡೆಮಿಕ್‌ನ ನಾಲ್ಕೂ ವಿಭಾಗದಲ್ಲಿ ಕನಿಷ್ಠ 7 ಕೇಳುತ್ತದೆ.

ಅಮೆರಿಕದ ದಾರಿಯಲ್ಲಿ ಜನ ಸಿಕ್ಕಿಬೀಳುವುದು ಮಾತಿನ 26ರಲ್ಲಿ. ಫಾರ್ಮಸಿಯ ಪರೀಕ್ಷೆ ಮೊದಲ ಯತ್ನದಲ್ಲೇ ಪಾಸಾಗಿ ಇಲ್ಲಿ ಮತ್ತೆ ಮತ್ತೆ ನಿಲ್ಲುವವರಿದ್ದಾರೆ. ಕಾರಣ ಉಚ್ಚಾರಣೆಗಿಂತ ಹೆಚ್ಚಾಗಿ ವೇಗ: ಗಾಬರಿಯಿಂದ ಓಡುತ್ತಾ ಮಾತಾಡಿ, ನಡುವೆ ತಡವರಿಸಿ, ಸಮಯ ಮುಗಿಯುವಾಗ ವಾಕ್ಯ ಅರ್ಧದಲ್ಲಿರುತ್ತದೆ. ಬಾಯಿಪಾಠ ಮಾಡಿದ ಮಾದರಿ ಉತ್ತರಗಳು ಅಂಕ ಇಳಿಸುತ್ತವೆ. ನಿಮ್ಮ ದನಿಯನ್ನೇ ಫೋನಿನಲ್ಲಿ ಹಿಡಿದು ಕೇಳಿ, ಕೇಳಲು ಮುಜುಗರವಾದರೂ ಕೇಳಿ. ಫಲಿತಾಂಶದ ಮಾನ್ಯತೆ ಸಾಮಾನ್ಯವಾಗಿ ಎರಡು ವರ್ಷ, ಹಾಗಾಗಿ ತೀರಾ ಮುಂಚೆ ಬರೆಯುವುದೂ ನಷ್ಟವೇ.

## ಪರೀಕ್ಷೆಗಳು

ಒಟ್ಟು ಎಷ್ಟು ಪರೀಕ್ಷೆ ಬರೀಬೇಕು, ದೇಶವಾರು ಹೇಳಿ.

ಅಮೆರಿಕ: ವಿದೇಶಿ ಪದವೀಧರರ ಸಮಾನತೆ ಪರೀಕ್ಷೆಯಾದ ಎಫ್‌ಪಿಜಿಇಇ, 200 ಪ್ರಶ್ನೆ, ನಾಲ್ಕೂವರೆ ಗಂಟೆ. ಇದೂ ಟೋಫೆಲ್ಲೂ ದಾಖಲೆಗಳೂ ಸರಿಯಾದರೆ ಎಫ್‌ಪಿಜಿಇಸಿ ಪ್ರಮಾಣಪತ್ರ. ಅದು ಲೈಸೆನ್ಸ್ ಅಲ್ಲ, ರಾಜ್ಯದ ಬೋರ್ಡಿನ ಬಾಗಿಲು ತಟ್ಟುವ ಅರ್ಹತೆ ಮಾತ್ರ. ಆಮೇಲೆ ಇಂಟರ್ನ್ ಗಂಟೆಗಳು, ನಂತರ 225 ಪ್ರಶ್ನೆಗಳ ಆರು ಗಂಟೆಯ ಲೈಸೆನ್ಸ್ ಪರೀಕ್ಷೆ ನ್ಯಾಪ್ಲೆಕ್ಸ್, ಜೊತೆಗೆ ಕಾನೂನಿನ ಎಂಪಿಜೆಇ. ಕ್ಯಾಲಿಫೋರ್ನಿಯಾದಲ್ಲಿ ಎಂಪಿಜೆಇ ಬದಲು ಅವರದೇ ಸಿಪಿಜೆಇ.

ಕೆನಡಾ: ಪಿಇಬಿಸಿ ನಡೆಸುವ ಇವ್ಯಾಲ್ಯುಯೇಟಿಂಗ್ ಪರೀಕ್ಷೆ, ಅದಾದ ಮೇಲೆ ಕ್ವಾಲಿಫೈಯಿಂಗ್ ಪರೀಕ್ಷೆಯ ಎರಡು ಭಾಗ. ಮೊದಲನೆಯದು ಬಹು ಆಯ್ಕೆ, ಎರಡನೆಯದು ಮಾಡಿ ತೋರಿಸುವ ಪರೀಕ್ಷೆಯಾದ ಓಸ್ಕಿ. ಕೊನೆಗೆ ಪ್ರಾಂತ್ಯದ ಕಾನೂನು ಪರೀಕ್ಷೆ ಮತ್ತು ಪ್ರಾಯೋಗಿಕ ಮೌಲ್ಯಮಾಪನ. ಕ್ವಿಬೆಕ್‌ನ ದಾರಿ ಪೂರ್ತಿ ಬೇರೆ, ಅಲ್ಲಿ ಫ್ರೆಂಚ್ ಬೇಕು.

ಬ್ರಿಟನ್: ಓಸ್ಪ್ಯಾಪ್ ಎಂಬ ಒಂದು ವರ್ಷದ ಕೋರ್ಸ್. ಬ್ರೈಟನ್, ಸಂಡರ್ಲೆಂಡ್, ಆಸ್ಟನ್, ಹರ್ಟ್‌ಫರ್ಡ್‌ಶೈರ್ ವಿಶ್ವವಿದ್ಯಾಲಯಗಳು ಇದನ್ನು ನಡೆಸಿಕೊಂಡು ಬಂದಿವೆ. ನಂತರ 52 ವಾರದ ಫೌಂಡೇಷನ್ ತರಬೇತಿ ಮತ್ತು ರಿಜಿಸ್ಟ್ರೇಷನ್ ಪರೀಕ್ಷೆ. ಈ ಪರೀಕ್ಷೆಗೆ ಮೂರೇ ಅವಕಾಶ.

ಆಸ್ಟ್ರೇಲಿಯಾ: ಹಳೆಯ ಕ್ಯಾಪ್ಸ್ ಪರೀಕ್ಷೆ ಹೋಗಿ 2025ರಿಂದ ಓಪ್ರಾ ಬಂದಿದೆ. ನೀವು ಕೊಂಡಿಟ್ಟ ಕ್ಯಾಪ್ಸ್ ನೋಟ್ಸ್ ವಿಷಯಜ್ಞಾನಕ್ಕೆ ಸರಿ, ಪರೀಕ್ಷೆಯ ಮಾದರಿಗೆ ಅಲ್ಲ. ನಂತರ ತಾತ್ಕಾಲಿಕ ನೋಂದಣಿ, 1575 ಗಂಟೆಗಳ ಮೇಲ್ವಿಚಾರಿತ ಕೆಲಸ, ಇಂಟರ್ನ್ ತರಬೇತಿ ಕಾರ್ಯಕ್ರಮ, ಒಂದು ಲಿಖಿತ ಮತ್ತು ಒಂದು ಮೌಖಿಕ ಪರೀಕ್ಷೆ.

ಫಾರ್ಮಕಾಲಜಿ ಚೆನ್ನಾಗಿ ಬರುತ್ತೆ. ಆದರೂ ಫೇಲ್ ಆದೆ. ಯಾಕೆ?

ಬಹುಶಃ ಬರದ ವಿಷಯ ಬಿಟ್ಟು ಬರುವ ವಿಷಯವನ್ನೇ ಮತ್ತೆ ಓದಿದ್ದೀರಿ. ಎಫ್‌ಪಿಜಿಇಇಯಲ್ಲಿ ಸಾಮಾಜಿಕ, ವರ್ತನಾ ಮತ್ತು ಆಡಳಿತ ವಿಷಯಗಳಿಗೆ ಸಣ್ಣ ಪಾಲಲ್ಲ. ಆರೋಗ್ಯ ವ್ಯವಸ್ಥೆ, ವಿಮೆ, ಔಷಧ ಅರ್ಥಶಾಸ್ತ್ರ, ಜೈವಿಕ ಸಂಖ್ಯಾಶಾಸ್ತ್ರ ಅದರಲ್ಲಿ ಬರುತ್ತವೆ. ‘ಇದೆಲ್ಲ ಸಾಮಾನ್ಯ ಜ್ಞಾನ’ ಎಂದು ಬಿಟ್ಟವರು ಅಲ್ಲೇ ಅಂಕ ಕಳೆದುಕೊಳ್ಳುತ್ತಾರೆ. ಮುಖ್ಯವಾಗಿ ಹಿರಿಯರಿಗಿರುವ ಅಮೆರಿಕದ ಸರ್ಕಾರಿ ವಿಮೆ ಮೆಡಿಕೇರ್‌ನ ಎ ಭಾಗ ಆಸ್ಪತ್ರೆಗೆ, ಡಿ ಭಾಗ ಹೊರರೋಗಿಗಳ ಔಷಧಕ್ಕೆ ಎಂಬುದು ಆ ದೇಶದಲ್ಲಿ ಬೆಳೆಯದವರಿಗೆ ಹೊಳೆಯುವ ವಿಷಯವಲ್ಲ, ಕಲಿಯಲೇಬೇಕು.

ಸಂಖ್ಯಾಶಾಸ್ತ್ರದಲ್ಲಿ ಒಂದು ಬಗೆಯ ಪ್ರಶ್ನೆ ಎಲ್ಲೆಡೆ ಬರುತ್ತದೆ. ಔಷಧ ತೆಗೆದುಕೊಳ್ಳದ ಗುಂಪಿನಲ್ಲಿ ಶೇ 4 ಜನರಿಗೆ, ತೆಗೆದುಕೊಂಡ ಗುಂಪಿನಲ್ಲಿ ಶೇ 3 ಜನರಿಗೆ ಹೃದಯಾಘಾತವಾಯಿತು. ಸಾಪೇಕ್ಷ ಇಳಿಕೆ ಶೇ 25, ನಿಜವಾದ ಇಳಿಕೆ ಶೇ 1, ಒಬ್ಬರನ್ನು ಉಳಿಸಲು ಔಷಧ ಕೊಡಬೇಕಾದವರು 100. ಈ ಮೂರು ಅಂಕಿಗಳನ್ನು ಗೊಂದಲವಿಲ್ಲದೆ ಹೇಳಬಲ್ಲಿರಾದರೆ ಆ ಅಧ್ಯಾಯದ ಅರ್ಧ ಬಂದ ಹಾಗೆ.

ಇನ್ನೊಂದು ಅಡ್ಡಿ ಹೆಸರುಗಳದು. ಅಮೆರಿಕದಲ್ಲಿ ಪ್ಯಾರಾಸಿಟಮಾಲ್ ಅಸಿಟಮಿನೋಫೆನ್ ಆಗುತ್ತದೆ, ಸಾಲ್ಬುಟಮಾಲ್ ಆಲ್ಬ್ಯುಟೆರಾಲ್, ಗ್ಲಿಬೆನ್‌ಕ್ಲಮೈಡ್ ಗ್ಲೈಬ್ಯುರೈಡ್, ಪೆಥಿಡಿನ್ ಮೆಪೆರಿಡಿನ್, ರಿಫಾಂಪಿಸಿನ್ ರಿಫಾಂಪಿನ್. ಕೆನಡಾದಲ್ಲಿ ಸಾಲ್ಬುಟಮಾಲ್ ಮಾತ್ರ ಸಾಲ್ಬುಟಮಾಲ್ ಆಗಿಯೇ ಉಳಿದಿದೆ.

ಹಳೆಯ ಪ್ರಶ್ನೆಗಳೆಂದು ಮಾರುವ ಪಿಡಿಎಫ್‌ಗಳಿಂದ ದೂರವಿರಿ. ಪ್ರಶ್ನೆಗಳನ್ನು ಹೊರಗೆ ಹೇಳುವುದಿಲ್ಲ ಎಂದು ಪ್ರತಿಯೊಬ್ಬ ಅಭ್ಯರ್ಥಿಯೂ ಒಪ್ಪಿಕೊಂಡೇ ಬರೆಯುತ್ತಾರೆ. ಆ ಸರಣಿಯಲ್ಲಿ ನಿಮ್ಮ ಹೆಸರು ಬಂದರೆ ಫಲಿತಾಂಶವೇ ರದ್ದಾಗಬಹುದು. ಅದರಲ್ಲಿರುವ ಉತ್ತರಗಳೂ ಎಷ್ಟೋ ತಪ್ಪಿರುತ್ತವೆ.

ಡೋಸ್ ಲೆಕ್ಕದಲ್ಲಿ ಸಣ್ಣ ತಪ್ಪಾದರೆ ಅಂಕ ಸಿಗುತ್ತಾ?

ಬ್ರಿಟನ್‌ನ ಪರೀಕ್ಷೆಯ ಮೊದಲ ಭಾಗ ಪೂರ್ತಿ ಲೆಕ್ಕ: 40 ಪ್ರಶ್ನೆ, ಎರಡು ಗಂಟೆ. ಆಯ್ಕೆಗಳಿಲ್ಲ, ಅಂಕಿಯನ್ನೇ ಬರೆಯಬೇಕು. ಕ್ರಮ ಸರಿಯಿದ್ದು ಉತ್ತರ ತಪ್ಪಿದ್ದರೆ ಅಂಕವಿಲ್ಲ.

ಒಂದು ಮಾದರಿ. 18 ಕೆ.ಜಿ. ತೂಕದ ಮಗು. ಅಮಾಕ್ಸಿಸಿಲಿನ್ ದಿನಕ್ಕೆ ಕೆ.ಜಿ.ಗೆ 80 ಮಿ.ಗ್ರಾಂ, ಎರಡು ಪಾಲು ಮಾಡಿ, 10 ದಿನ. ಇರುವ ಸಿರಪ್ 5 ಮಿ.ಲೀ.ಗೆ 400 ಮಿ.ಗ್ರಾಂ. ದಿನದ ಡೋಸ್ 1440 ಮಿ.ಗ್ರಾಂ, ಒಂದು ಸಲಕ್ಕೆ 720, ಅಂದರೆ 9 ಮಿ.ಲೀ. ಹತ್ತು ದಿನಕ್ಕೆ 180 ಮಿ.ಲೀ. ಇಲ್ಲಿ ಎಡವುವ ಜಾಗ ಎರಡು. ‘ದಿನಕ್ಕೆ’ ಎಂಬುದನ್ನು ‘ಸಲಕ್ಕೆ’ ಎಂದು ಓದಿದರೆ 18 ಮಿ.ಲೀ. ಬರುತ್ತದೆ. ಅಮೆರಿಕದಲ್ಲಿ ತಾಯಿ ಹೇಳುವ ತೂಕ ಪೌಂಡ್‌ನಲ್ಲಿರುತ್ತದೆ: 40 ಎಂದರೆ 40 ಕೆ.ಜಿ. ಅಲ್ಲ, 2.2ರಿಂದ ಭಾಗಿಸಿದರೆ ಸುಮಾರು 18. ಮರೆತರೆ ಎರಡೂ ತಪ್ಪಿನಲ್ಲಿ ಮಗುವಿಗೆ ಹೋಗುವುದು ದುಪ್ಪಟ್ಟು ಡೋಸ್. ಉತ್ತರ ಬರೆಯುವ ಮೊದಲು ‘ಇಷ್ಟು ಸಿರಪ್ ಇಷ್ಟು ಸಣ್ಣ ಮಗು ಕುಡಿಯುತ್ತದಾ’ ಎಂದು ಒಮ್ಮೆ ಕೇಳಿಕೊಳ್ಳಿ.

ಓಸ್ಕಿ ಅಂದರೆ ವೈವಾ ಥರಾನಾ?

ಅಲ್ಲ. ವೈವಾದಲ್ಲಿ ನಿಮಗೆ ಗೊತ್ತಿರುವುದನ್ನು ಕೇಳುತ್ತಾರೆ, ಓಸ್ಕಿಯಲ್ಲಿ ನೀವು ಮಾಡುವುದನ್ನು ನೋಡುತ್ತಾರೆ. ಒಂದರ ನಂತರ ಒಂದು ಕೋಣೆ, ಪ್ರತಿಯೊಂದಕ್ಕೂ ಕೆಲವೇ ನಿಮಿಷ. ಒಳಗೆ ರೋಗಿಯ ಅಥವಾ ವೈದ್ಯರ ಪಾತ್ರಧಾರಿ ಇರುತ್ತಾರೆ, ಪಕ್ಕದಲ್ಲಿ ಪರೀಕ್ಷಕರು ಸುಮ್ಮನೆ ಕೂತು ಬರೆದುಕೊಳ್ಳುತ್ತಾರೆ. ಕೆಲವು ಕೋಣೆಗಳಲ್ಲಿ ಯಾರೂ ಇರುವುದಿಲ್ಲ, ತುಂಬಿಟ್ಟ ಔಷಧಗಳನ್ನು ಚೀಟಿಯೊಂದಿಗೆ ತಾಳೆ ನೋಡಿ ತಪ್ಪು ಹಿಡಿಯಬೇಕು. ವಾರಕ್ಕೊಮ್ಮೆ ತೆಗೆದುಕೊಳ್ಳಬೇಕಾದ ಮೆಥೊಟ್ರೆಕ್ಸೇಟ್ ಮೇಲೆ ‘ದಿನಕ್ಕೊಂದು’ ಎಂಬ ಲೇಬಲ್ ಅಂಟಿದ್ದರೆ ಕಣ್ಣಿಗೆ ಬೀಳಲೇಬೇಕು.

ಹೀಗೊಂದು ಕೋಣೆ ಅಂದುಕೊಳ್ಳಿ. 62ರ ವ್ಯಕ್ತಿ ಮಂಡಿನೋವಿಗೆ ಐಬುಪ್ರೊಫೆನ್ ಕೇಳುತ್ತಾರೆ. ಮೇಜಿನ ಮೇಲಿನ ಔಷಧ ಪಟ್ಟಿಯಲ್ಲಿ ರಾಮಿಪ್ರಿಲ್ ಮತ್ತು ಹೈಡ್ರೊಕ್ಲೋರೊಥಯಾಜೈಡ್ ಇವೆ. ಈ ಮೂರೂ ಸೇರಿದರೆ ಮೂತ್ರಪಿಂಡಕ್ಕೆ ಅಪಾಯ ಎಂಬುದು ಎಲ್ಲರಿಗೂ ಗೊತ್ತು. ಗೊತ್ತಿದ್ದೂ ಸೋಲುವವರು ಒಳಗೆ ಹೋದ ತಕ್ಷಣ ಅದನ್ನೇ ಪಾಠದಂತೆ ಒಪ್ಪಿಸುತ್ತಾರೆ. ನೋವು ಯಾವಾಗಿನಿಂದ, ಬಿದ್ದಿದ್ದರಾ, ಊತ ಇದೆಯಾ, ಅಲರ್ಜಿ ಇದೆಯಾ, ಈಗಾಗಲೇ ಮನೆಯಲ್ಲಿ ಏನಾದರೂ ತೆಗೆದುಕೊಂಡಿದ್ದಾರಾ ಎಂದು ಕೇಳುವುದೇ ಇಲ್ಲ. ಮೊದಲು ಕೇಳಿ. ಆಮೇಲೆ ಐಬುಪ್ರೊಫೆನ್ ಯಾಕೆ ಬೇಡ ಎಂದು ಎರಡು ವಾಕ್ಯದಲ್ಲಿ ಹೇಳಿ, ಬದಲಿಗೆ ಏನು, ಎಷ್ಟು, ದಿನಕ್ಕೆ ಗರಿಷ್ಠ ಎಷ್ಟು ಎಂದು ತಿಳಿಸಿ. ಎಷ್ಟು ದಿನದಲ್ಲಿ ಕಡಿಮೆಯಾಗದಿದ್ದರೆ ವೈದ್ಯರನ್ನು ನೋಡಬೇಕು ಎಂಬುದನ್ನು ಬಿಡಬೇಡಿ, ಗಂಟೆ ಹೊಡೆಯುವ ಹೊತ್ತಿಗೆ ಬಹಳ ಜನ ಬಿಡುವುದು ಅದನ್ನೇ. ಅಭ್ಯಾಸಕ್ಕೆ ಪುಸ್ತಕ ಸಾಲದು, ಎದುರಿಗೊಬ್ಬರು ಕೂತು ಗಡಿಯಾರ ಹಿಡಿಯಬೇಕು. ಫಾರ್ಮಸಿ ಓದದವರು ಕೂತರೆ ಇನ್ನೂ ಒಳ್ಳೆಯದು, ಅರ್ಥವಾಗದ ಪದ ಬಂದ ಕೂಡಲೇ ಮುಖದಲ್ಲಿ ಗೊತ್ತಾಗುತ್ತದೆ.

## ತರಬೇತಿ ಮತ್ತು ಕೌಂಟರ್

ಪರೀಕ್ಷೆ ಪಾಸಾಯಿತು. ಇಂಟರ್ನ್ ಆಗಿ ಯಾರೂ ತಗೊಳ್ತಿಲ್ಲ. ಏನು ಮಾಡಲಿ?

ಮೊದಲು ಇಂಟರ್ನ್ ಅಥವಾ ತಾತ್ಕಾಲಿಕ ನೋಂದಣಿ ಕೈಗೆ ಬರಲಿ. ಅದು ಬರುವ ಮೊದಲು ಮಾಡಿದ ಗಂಟೆಗಳು ಸಾಮಾನ್ಯವಾಗಿ ಲೆಕ್ಕಕ್ಕೆ ಬರುವುದಿಲ್ಲ. ‘ಕೆಲಸ ಶುರು ಮಾಡು, ಕಾಗದ ಆಮೇಲೆ’ ಎನ್ನುವ ಮಾಲೀಕರ ಮಾತು ನಂಬಿ ತಿಂಗಳುಗಟ್ಟಲೆ ದುಡಿದು ಕಳೆದುಕೊಂಡವರಿದ್ದಾರೆ. ಮೇಲ್ವಿಚಾರಕರಿಗೂ ಆ ಅರ್ಹತೆ ಇದೆಯೇ ಎಂದು ಮಂಡಳಿಯಲ್ಲಿ ನೋಡಿ.

ದೊಡ್ಡ ಸರಪಳಿ ಅಂಗಡಿಗಳ ಆನ್‌ಲೈನ್ ಅರ್ಜಿಗಳಲ್ಲೇ ನಿಲ್ಲಬೇಡಿ. ಒಂಟಿ ಅಂಗಡಿಗಳಿಗೆ, ಊರಿಂದ ದೂರದ ಸಣ್ಣ ಪಟ್ಟಣಗಳಿಗೆ, ನಿಮಗೆ ಬರುವ ಭಾಷೆ ಆಡುವ ಜನ ಇರುವ ಬಡಾವಣೆಗಳಿಗೆ ಮಧ್ಯಾಹ್ನದ ಬಿಡುವಿನ ಹೊತ್ತಿನಲ್ಲಿ ಹೋಗಿ ಕೇಳಿ. ಒಂದು ಪುಟದ ರೆಸ್ಯೂಮೆ ಸಾಕು: ನೋಂದಣಿ ಸಂಖ್ಯೆ, ಬೇಕಾದ ಗಂಟೆಗಳು, ಶುರು ಮಾಡಬಲ್ಲ ದಿನ, ವೀಸಾ ಸ್ಥಿತಿ. ಇಂಗ್ಲೆಂಡ್, ವೇಲ್ಸ್‌ನಲ್ಲಿ ಓರಿಯಲ್ ಎಂಬ ರಾಷ್ಟ್ರೀಯ ವ್ಯವಸ್ಥೆಯ ಮೂಲಕ ಜಾಗ ಹಂಚುತ್ತಾರೆ. ಅದರ ಕೊನೆಯ ದಿನಾಂಕ ತರಬೇತಿ ಶುರುವಾಗುವ ಬಹಳ ಮೊದಲೇ ಬರುತ್ತದೆ, ಓಸ್ಪ್ಯಾಪ್ ತರಗತಿಗೆ ಕೂತ ಕೂಡಲೇ ವಿಚಾರಿಸಿ.

ಲೈಸೆನ್ಸ್ ಬರುವವರೆಗೆ ಹೊಟ್ಟೆಪಾಡು?

ಕೆನಡಾದಲ್ಲಿ ಫಾರ್ಮಸಿ ಅಸಿಸ್ಟೆಂಟ್ ಕೆಲಸಕ್ಕೆ ಲೈಸೆನ್ಸ್ ಬೇಡ. ಸಂಬಳ ಕಡಿಮೆ, ಆದರೆ ವಿಮೆಯ ಕಂಪ್ಯೂಟರ್, ಬ್ರ್ಯಾಂಡ್ ಹೆಸರುಗಳು, ರೋಗಿಗಳ ಮಾತಿನ ಧಾಟಿ ಎಲ್ಲ ಅಲ್ಲೇ ಕಿವಿಗೆ ಬೀಳುತ್ತವೆ, ಓಸ್ಕಿಗೆ ಇದಕ್ಕಿಂತ ಒಳ್ಳೆಯ ಕೋಚಿಂಗ್ ಇಲ್ಲ. ಬ್ರಿಟನ್‌ನಲ್ಲಿ ವಿದ್ಯಾರ್ಥಿ ವೀಸಾದವರಿಗೆ ತರಗತಿ ನಡೆಯುವ ಅವಧಿಯಲ್ಲಿ ವಾರಕ್ಕೆ 20 ಗಂಟೆಯ ಮಿತಿ ಇದೆ. ಎಲ್ಲೇ ಆಗಲಿ, ಲೈಸೆನ್ಸ್ ಇಲ್ಲದೆ ರೋಗಿಗೆ ‘ನಾನು ಫಾರ್ಮಸಿಸ್ಟ್’ ಎಂದು ಹೇಳಿಕೊಳ್ಳುವುದು ಕಾನೂನಿನ ತೊಂದರೆಗೆ ದಾರಿ.

ಕಾನೂನು ಪರೀಕ್ಷೆಗೆ ಒಂದು ವಾರ ಸಾಕಾ?

ಸಾಲದು. ಹಳೆಯ ದೇಶದ ಅಭ್ಯಾಸ ಕೈ ತಡೆಯುವುದು ಇಲ್ಲೇ. ಅಮೆರಿಕದ ಕೇಂದ್ರ ಕಾನೂನಿನಲ್ಲಿ ನಿಯಂತ್ರಿತ ಔಷಧಗಳ ಎರಡನೇ ಶೆಡ್ಯೂಲ್‌ನ (ಪಟ್ಟಿಯ) ಔಷಧಕ್ಕೆ ರೀಫಿಲ್ ಇಲ್ಲವೇ ಇಲ್ಲ. ಮೂರು ಮತ್ತು ನಾಲ್ಕಕ್ಕೆ ಆರು ತಿಂಗಳೊಳಗೆ ಐದು ಸಲ. ರಾಜ್ಯದ ಕಾನೂನು ಇದಕ್ಕಿಂತ ಬಿಗಿಯಾಗಿದ್ದರೆ ಬಿಗಿಯಾದದ್ದೇ ನಡೆಯುತ್ತದೆ, ಪ್ರಶ್ನೆಗಳು ಈ ಸಂದಿಯಲ್ಲೇ ಬರುತ್ತವೆ. ಬ್ರಿಟನ್‌ನಲ್ಲಿ ಮಾಮೂಲಿ ಚೀಟಿಗೆ ಆರು ತಿಂಗಳ ಆಯಸ್ಸು, ಎರಡು ಮತ್ತು ಮೂರನೇ ಶೆಡ್ಯೂಲ್‌ನ ನಿಯಂತ್ರಿತ ಔಷಧದ ಚೀಟಿಗೆ 28 ದಿನ, ಒಟ್ಟು ಪ್ರಮಾಣ ಅಂಕಿಯಲ್ಲೂ ಅಕ್ಷರದಲ್ಲೂ ಇರಬೇಕು.

ಅಮೆರಿಕದಲ್ಲಿ ನಿಯಂತ್ರಿತ ಔಷಧ ಬರೆಯಲು ವೈದ್ಯರಿಗೆ ಕೊಟ್ಟ ಡಿಇಎ ಸಂಖ್ಯೆ ಸುಳ್ಳೇ ಎಂದು ನೋಡುವ ಲೆಕ್ಕವೂ ಬರಬೇಕು. ಏಳು ಅಂಕಿಗಳಲ್ಲಿ ಒಂದು, ಮೂರು, ಐದನೆಯವನ್ನು ಕೂಡಿಸಿ. ಎರಡು, ನಾಲ್ಕು, ಆರನೆಯವನ್ನು ಕೂಡಿಸಿ ಎರಡರಿಂದ ಗುಣಿಸಿ. ಎರಡೂ ಮೊತ್ತ ಸೇರಿಸಿದಾಗ ಬರುವ ಕೊನೆಯ ಅಂಕಿ ಏಳನೆಯದಕ್ಕೆ ಸಮನಾಗಬೇಕು. 1234563 ತೆಗೆದುಕೊಳ್ಳಿ: 9, ಮತ್ತು 12ರ ಎರಡರಷ್ಟು 24, ಒಟ್ಟು 33, ಕೊನೆಗೆ 3. ತಾಳೆಯಾಯಿತು.

## ಮುಂದಿನ ಹಂತದವರಿಗೆ

ಒಂದು ಕಡೆ ಲೈಸೆನ್ಸ್ ಸಿಕ್ಕರೆ ಬೇರೆ ಕಡೆ ನಡೆಯುತ್ತಾ?

ನ್ಯೂಜಿಲೆಂಡ್ ಮತ್ತು ಆಸ್ಟ್ರೇಲಿಯಾ ನಡುವೆ ಪರಸ್ಪರ ಮಾನ್ಯತೆ ಇದೆ. ಅಮೆರಿಕದಲ್ಲಿ ರಾಜ್ಯದಿಂದ ರಾಜ್ಯಕ್ಕೆ ಲೈಸೆನ್ಸ್ ವರ್ಗಾಯಿಸಲು ಎನ್‌ಎಬಿಪಿ ವ್ಯವಸ್ಥೆ ಇದೆ, ಆದರೆ ಹೊಸ ರಾಜ್ಯದ ಕಾನೂನು ಪರೀಕ್ಷೆಯನ್ನು ಸಾಮಾನ್ಯವಾಗಿ ಮತ್ತೆ ಬರೆಯಬೇಕು. ಐರೋಪ್ಯ ಒಕ್ಕೂಟದಲ್ಲಿ 2005ರ ನಿರ್ದೇಶನದಂತೆ ತಾನಾಗಿ ಸಿಗುವ ಮಾನ್ಯತೆ ಅಲ್ಲಿಯೇ ಓದಿದವರಿಗೆ. ಹೊರಗೆ ಓದಿದವರು ಜರ್ಮನಿಗೆ ಹೋದರೆ ಪದವಿಯ ಸಮಾನತೆ ಪರಿಶೀಲಿಸಿ, ಕೊರತೆ ಕಂಡರೆ ಜ್ಞಾನ ಪರೀಕ್ಷೆ ಇಡುತ್ತಾರೆ. ಜೊತೆಗೆ ಸಿ1 ಮಟ್ಟದ ವೃತ್ತಿ ಜರ್ಮನ್ ಪರೀಕ್ಷೆ.

ಮಕ್ಕಳಿಗಾಗಿ ಐದಾರು ವರ್ಷ ಕೆಲಸ ಬಿಟ್ಟಿದ್ದೆ. ರಿಜಿಸ್ಟ್ರೇಷನ್ ರಿನ್ಯೂ ಮಾಡಿಸಿಲ್ಲ. ಈಗ ಅರ್ಜಿ ಹಾಕಬಹುದಾ?

ಹಾಕಬಹುದು, ಆದರೆ ಮೊದಲು ಅದನ್ನು ರಿನ್ಯೂ ಮಾಡಿಸಿ. ಬಿದ್ದುಹೋದ ರಿಜಿಸ್ಟ್ರೇಷನ್ ಮೇಲೆ ಗುಡ್ ಸ್ಟ್ಯಾಂಡಿಂಗ್ ಪತ್ರ ಸಿಗುವುದು ಕಷ್ಟ. ಬಿಡುವಿನ ವರ್ಷಗಳನ್ನು ಅರ್ಜಿಯಲ್ಲಿ ಮುಚ್ಚಬೇಡಿ, ‘ಕುಟುಂಬದ ಕಾರಣ’ ಎಂದು ಬರೆದರೆ ಯಾರೂ ತಪ್ಪು ತಿಳಿಯುವುದಿಲ್ಲ. ಖಾಲಿ ಅವಧಿಗೆ ಸುಳ್ಳು ಅನುಭವ ಪತ್ರ ತಂದರೆ ಮೂಲ ಪರಿಶೀಲನೆಯಲ್ಲಿ ಸಿಕ್ಕಿಬೀಳುತ್ತೀರಿ.

ಹಿಂದೆ ಕೌನ್ಸಿಲ್‌ನಲ್ಲಿ ನನ್ನ ಮೇಲೆ ಒಂದು ದೂರು ಇತ್ತು, ವಜಾ ಆಯಿತು. ಹೇಳಬೇಕಾ?

ಅರ್ಜಿಯ ಪ್ರಶ್ನೆಯನ್ನು ಪದಪದವಾಗಿ ಓದಿ. ‘ಶಿಕ್ಷೆಯಾಗಿದೆಯೇ’ ಎಂದು ಕೇಳಿದರೆ ಒಂದು ಉತ್ತರ, ‘ಎಂದಾದರೂ ದೂರು ಅಥವಾ ವಿಚಾರಣೆ ನಡೆದಿದೆಯೇ’ ಎಂದು ಕೇಳಿದರೆ ಇನ್ನೊಂದು. ಎರಡನೆಯದಾದರೆ ಹೌದು ಎಂದು ಬರೆದು, ವಜಾ ಆದ ಆದೇಶದ ಪ್ರತಿ ಮತ್ತು ಅರ್ಧ ಪುಟದ ವಿವರಣೆ ಲಗತ್ತಿಸಿ. ವಜಾ ಆದ ದೂರಿನಿಂದ ಅರ್ಜಿ ತಿರಸ್ಕಾರವಾಗುವುದು ಅಪರೂಪ. ಮುಚ್ಚಿಟ್ಟದ್ದು ಆಮೇಲೆ ಹೊರಬಿದ್ದರೆ ಅದನ್ನೇ ಅಪ್ರಾಮಾಣಿಕತೆ ಎಂದು ನೋಡುತ್ತಾರೆ, ಲೈಸೆನ್ಸ್ ಸಿಕ್ಕ ಮೇಲೂ ಕಿತ್ತುಕೊಳ್ಳಬಹುದು. ಅನುಮಾನವಿದ್ದರೆ ಅರ್ಜಿ ಸಲ್ಲಿಸುವ ಮೊದಲೇ ಮಂಡಳಿಗೆ ಬರೆದು ಕೇಳಿ, ಅವರ ಉತ್ತರವನ್ನು ಫೈಲ್‌ನಲ್ಲಿ ಇಟ್ಟುಕೊಳ್ಳಿ.